ಔಷಧ, ಕಳೆನಾಶಕ, ಶುಶ್ರೂಷೆ: ಸಂಶೋಧನಾ ಪ್ರಬಂಧವನ್ನು ಓದುವ ಕ್ರಮ

ಒಂದು ಮಾತ್ರೆಯ ಅಡ್ಡಪರಿಣಾಮ, ಒಂದು ಕಳೆನಾಶಕ ಗಿಡದೊಳಗೆ ಮಾಡುವ ಕೆಲಸ, ಒಂದು ಆಸ್ಪತ್ರೆಯ ಶುಶ್ರೂಷಕರ ಕಾರ್ಯಕ್ಷಮತೆ, ಈ ಮೂರರ ಮೇಲೆ ಪ್ರಕಟವಾಗುವ ಸಂಶೋಧನಾ ಪ್ರಬಂಧಗಳು ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಸಾರಾಂಶ, ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಭಾಗಗಳು, ನಡುವೆ ನಾಲ್ಕಾರು ಕೋಷ್ಟಕಗಳು, ಕೊನೆಗೊಂದು ತೀರ್ಮಾನ. ರೂಪ ಒಂದೇ ಆದುದರಿಂದ ಓದುವ ರೀತಿಯೂ ಒಂದೇ ಎಂದು ಭಾವಿಸುವವರು ಬಹಳ. ಆದರೆ ಓದುಗರನ್ನು ದಾರಿ ತಪ್ಪಿಸುವ ಜಾಗ ಮೂರರಲ್ಲೂ ಬೇರೆಬೇರೆ. ಔಷಧದ ಪ್ರಬಂಧದಲ್ಲಿ ಅದು ಎಣಿಕೆಗೇ ಬಾರದೆ ಉಳಿದ ತೊಂದರೆ; ಕಳೆನಾಶಕದ ಪ್ರಬಂಧದಲ್ಲಿ ಸಿಂಪಡಿಸಿದ ಪ್ರಮಾಣ ಮತ್ತು ಎಣಿಸಿದ ದಿನ; ಶುಶ್ರೂಷೆಯ ಪ್ರಬಂಧದಲ್ಲಿ ಅಳತೆಗೋಲು. ಆದ್ದರಿಂದ ತೀರ್ಮಾನದ ವಾಕ್ಯಕ್ಕಿಂತ ಮೊದಲು ಅಳತೆ ಹೇಗೆ ನಡೆಯಿತು ಎಂಬುದನ್ನು ಪರಿಶೀಲಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಅದಕ್ಕೆ ಬೇಕಾದ ಹೆಜ್ಜೆಗಳನ್ನು ಇಲ್ಲಿ ವಿವರಿಸಲಾಗಿದೆ.

ಸಂಖ್ಯಾಶಾಸ್ತ್ರದಲ್ಲಿ ಪದವಿ ಇಲ್ಲದ ವಿದ್ಯಾರ್ಥಿಗಳು, ಶುಶ್ರೂಷಕರು, ಕೃಷಿ ಕಾರ್ಯಕರ್ತರು, ಪತ್ರಕರ್ತರು ಹಾಗೂ ಮನೆಯವರ ಔಷಧದ ಬಗ್ಗೆ ತಿಳಿಯಬಯಸುವ ಸಾಮಾನ್ಯರನ್ನು ಗಮನದಲ್ಲಿಟ್ಟು ಇದನ್ನು ಬರೆಯಲಾಗಿದೆ. ಭಾಗಾಕಾರ ಮತ್ತು ಶೇಕಡಾವಾರು ಲೆಕ್ಕ ಗೊತ್ತಿದ್ದರೆ ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಮೊದಲೇ ಹೇಳಬೇಕು: ಯಾವುದೋ ಒಂದು ಪ್ರಬಂಧವನ್ನು ಓದಿ ವೈದ್ಯರು ಬರೆದುಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು, ಕಳೆನಾಶಕದ ಪ್ರಮಾಣವನ್ನು ಡಬ್ಬಿಯ ಮೇಲಿನ ಲೇಬಲ್ ಹೇಳಿದ್ದಕ್ಕಿಂತ ಹೆಚ್ಚಿಸಬಾರದು.

ಮೊದಲ ಹೆಜ್ಜೆ: ಸಾರಾಂಶವನ್ನು ಬದಿಗಿಟ್ಟು ವಿಧಾನದ ಭಾಗಕ್ಕೆ ಹೋಗಿ

ಸಾರಾಂಶದಲ್ಲಿ ಲೇಖಕರು ತಮಗೆ ಮುಖ್ಯವೆನಿಸಿದ್ದನ್ನು ಮಾತ್ರ ಆರಿಸಿ ಹೇಳಿರುತ್ತಾರೆ. ಅದು ಸುಳ್ಳೆಂದಲ್ಲ, ಆದರೆ ಆ ಆಯ್ಕೆ ಅವರದು, ನಿಮ್ಮದಲ್ಲ. ಶೀರ್ಷಿಕೆ ಓದಿದ ಕೂಡಲೇ ವಿಧಾನದ ಭಾಗಕ್ಕೆ ಹೋಗಿ, ಒಂದು ಹಾಳೆಯ ಮೇಲೆ ಒಂದೇ ವಾಕ್ಯವನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ: ಯಾರ ಮೇಲೆ ಅಥವಾ ಯಾವುದರ ಮೇಲೆ, ಏನನ್ನು, ಎಷ್ಟು ಪ್ರಮಾಣದಲ್ಲಿ, ಯಾವುದಕ್ಕೆ ಹೋಲಿಸಿ, ಎಷ್ಟು ಕಾಲ ನೋಡಿ, ಏನನ್ನು ಅಳೆದರು? ಈ ಆರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಆ ಖಾಲಿ ಜಾಗವೇ ಎಷ್ಟೋ ಸಲ ಪ್ರಬಂಧದ ಬಗ್ಗೆ ಅತ್ಯಂತ ಉಪಯುಕ್ತ ಮಾಹಿತಿಯಾಗಿರುತ್ತದೆ.

ಆಮೇಲೆ ಅಧ್ಯಯನದ ಬಗೆಯನ್ನು ಗುರುತಿಸಿ. ಒಂದೆರಡು ರೋಗಿಗಳ ಪ್ರಕರಣ ವರದಿಯೇ, ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೇ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪುಗಳನ್ನು ಮಾಡಿ ನಡೆಸಿದ ಪ್ರಯೋಗವೇ, ಪ್ರಯೋಗಾಲಯದ ಕುಂಡವೇ, ಹೊಲದ ತಾಕೇ, ಅಥವಾ ಒಂದೇ ಸಲ ಹಂಚಿದ ಪ್ರಶ್ನಾವಳಿಯೇ? ಚಿಕ್ಕ ಅಧ್ಯಯನವೆಂದು ಯಾವುದನ್ನೂ ತಳ್ಳಿಹಾಕಬೇಕಿಲ್ಲ. ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂತು. ಗರ್ಭಿಣಿಯರ ವಾಂತಿಗೂ ಅದನ್ನು ಕೊಡಲಾಗುತ್ತಿತ್ತು. 1961ರಲ್ಲಿ ಜರ್ಮನಿಯಲ್ಲಿ ವಿಡುಕಿಂಡ್ ಲೆನ್ಜ್ ಮತ್ತು ಆಸ್ಟ್ರೇಲಿಯಾದಲ್ಲಿ ವಿಲಿಯಂ ಮೆಕ್‌ಬ್ರೈಡ್ ಅದರ ಮೇಲೆ ಬೆರಳು ತೋರಿಸಿದರು. ಮೆಕ್‌ಬ್ರೈಡ್ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದದ್ದು ಕೆಲವೇ ಸಾಲುಗಳ ಪತ್ರ. ಕೈಕಾಲುಗಳು ಸರಿಯಾಗಿ ಬೆಳೆಯದೆ ಹುಟ್ಟಿದ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ ಹತ್ತು ಸಾವಿರವನ್ನು ಮೀರಿತ್ತು ಎಂಬುದು ಸಾಮಾನ್ಯ ಅಂದಾಜು. ಪ್ರಕರಣ ವರದಿ ಶಂಕೆಯನ್ನು ಎತ್ತಬಲ್ಲದು, ಅದೂ ಎಲ್ಲಕ್ಕಿಂತ ಬೇಗ. ಆದರೆ ಎಷ್ಟು ಜನರಲ್ಲಿ ಒಬ್ಬರಿಗೆ ಆ ತೊಂದರೆ ಆಗುತ್ತದೆ ಎಂಬುದನ್ನು ಅದು ಹೇಳಲಾರದು.

ಎರಡನೆಯ ಹೆಜ್ಜೆ: ಛೇದವನ್ನು ಹುಡುಕಿ

ಅಡ್ಡಪರಿಣಾಮದ ಪ್ರಬಂಧಗಳಲ್ಲಿ ಅಂಶ ಕಣ್ಣಿಗೆ ರಾಚುತ್ತದೆ, ಛೇದ ಮರೆಯಲ್ಲಿರುತ್ತದೆ. '30 ಜನರಿಗೆ ಯಕೃತ್ತಿನ ತೊಂದರೆ' ಎಂಬ ಸಾಲು 300 ಜನ ಔಷಧ ತೆಗೆದುಕೊಂಡಿದ್ದರೆ ಒಂದು ಅರ್ಥ ಕೊಡುತ್ತದೆ, 30 ಲಕ್ಷ ಜನ ತೆಗೆದುಕೊಂಡಿದ್ದರೆ ಇನ್ನೊಂದು. ಜನರೂ ವೈದ್ಯರೂ ತಾವಾಗಿ ಕಳುಹಿಸುವ ವರದಿಗಳನ್ನು ಆಧರಿಸಿದ ಪ್ರಬಂಧಗಳಲ್ಲಿ ಈ ಛೇದ ಇರುವುದೇ ಇಲ್ಲ. ಇಂಥ ವರದಿಗಳನ್ನು ದೇಶದೇಶಗಳಿಂದ ಒಟ್ಟುಗೂಡಿಸುವ ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕ್ರಮ 1968ರಲ್ಲಿ ಆರಂಭವಾಯಿತು. 1978ರಿಂದ ಅದರ ಕೆಲಸ ಸ್ವೀಡನ್ನಿನ ಉಪ್ಸಾಲಾ ನಗರದ ಕೇಂದ್ರದಿಂದ ನಡೆಯುತ್ತಿದೆ. ಅಲ್ಲಿನ ಭಂಡಾರ ಹೊಸ ಅಪಾಯಗಳ ಸುಳಿವು ಹಿಡಿಯಲು ಅಮೂಲ್ಯವಾದದ್ದು. ಆದರೆ ಒಂದು ಔಷಧದ ಸುದ್ದಿ ಪತ್ರಿಕೆಗಳಲ್ಲಿ ಬಂದ ವಾರ ವರದಿಗಳು ಏರುತ್ತವೆ, ಹಳೆಯ ಔಷಧದ ಬಗ್ಗೆ ಯಾರೂ ಬರೆಯುವುದಿಲ್ಲ, ಎಷ್ಟು ಜನ ಔಷಧವನ್ನು ಬಳಸಿದರೆಂಬುದು ಅಲ್ಲಿ ದಾಖಲಾಗುವುದಿಲ್ಲ. ಅಲ್ಲಿನ ಸಂಖ್ಯೆಗಳನ್ನು ಎತ್ತಿ 'ಈ ಮಾತ್ರೆ ಆ ಮಾತ್ರೆಗಿಂತ ಎರಡು ಪಟ್ಟು ಅಪಾಯಕಾರಿ' ಎಂದು ಬರೆಯುವ ಪ್ರಬಂಧವನ್ನು ಸಂಶಯದಿಂದಲೇ ನೋಡಬೇಕು.

'ಯಾವುದೇ ಗಂಭೀರ ತೊಂದರೆ ಕಂಡುಬರಲಿಲ್ಲ' ಎಂಬ ವಾಕ್ಯವನ್ನು ಓದುವುದಕ್ಕೆ ಒಂದು ಸರಳ ಲೆಕ್ಕವಿದೆ. ಒಂದು ಪ್ರಯೋಗದಲ್ಲಿ ಒಂದು ತೊಂದರೆ ಒಬ್ಬರಲ್ಲೂ ಕಾಣದಿದ್ದರೆ, 3ನ್ನು ಭಾಗವಹಿಸಿದವರ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವೇ ಆ ತೊಂದರೆಯ ನಿಜವಾದ ಪ್ರಮಾಣ ಎಷ್ಟರವರೆಗೆ ಇರಲು ಸಾಧ್ಯ ಎಂಬುದರ ಮೇಲಿನ ಮಿತಿ, ಶೇ. 95ರ ಭರವಸೆಯೊಂದಿಗೆ. 1,500 ಜನರಲ್ಲಿ ಒಬ್ಬರಿಗೂ ತೊಂದರೆ ಆಗದಿದ್ದರೆ, ಅದು 500ರಲ್ಲಿ ಒಬ್ಬರಿಗೆ ಆಗುವಷ್ಟು ಸಾಮಾನ್ಯವಾಗಿದ್ದರೂ ಆಶ್ಚರ್ಯವಿಲ್ಲ. ಹತ್ತು ಲಕ್ಷ ಜನ ಆ ಔಷಧವನ್ನು ಬಳಸತೊಡಗಿದರೆ 500ರಲ್ಲಿ ಒಬ್ಬರೆಂದರೆ ಎರಡು ಸಾವಿರ ಜನ. ಮಾರುಕಟ್ಟೆಗೆ ಬಂದ ಮೇಲೆಯೇ ಕೆಲವು ಅಡ್ಡಪರಿಣಾಮಗಳು ಗೊತ್ತಾಗುವುದಕ್ಕೆ ಯಾರದೋ ಸಂಚು ಕಾರಣವಾಗಿರಬೇಕಾಗಿಲ್ಲ. ಪ್ರಯೋಗದ ಗಾತ್ರವೇ ಸಾಲದಾಗಿರುತ್ತದೆ.

ಅಪಾಯ 'ದುಪ್ಪಟ್ಟಾಯಿತು' ಎಂಬ ಪದ ಕಂಡಲ್ಲಿ ನಿಂತು, ಎಷ್ಟಿದ್ದದ್ದು ಎಷ್ಟಾಯಿತು ಎಂದು ಕೇಳಿ. 1995ರಲ್ಲಿ ಬ್ರಿಟನ್ನಿನಲ್ಲಿ ಮೂರನೆಯ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ದುಪ್ಪಟ್ಟು ಮಾಡುತ್ತವೆ ಎಂಬ ಎಚ್ಚರಿಕೆ ಹೊರಟಿತು. ಮಾತು ನಿಜವೇ ಆಗಿತ್ತು: ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗಿದ್ದ ಅಪಾಯ ಇಬ್ಬರಿಗೆ ಏರಿತ್ತು. ಅಂದರೆ ಸಾಪೇಕ್ಷವಾಗಿ ಶೇ. 100ರ ಏರಿಕೆ, ನಿರಪೇಕ್ಷವಾಗಿ 7,000ದಲ್ಲಿ ಒಂದರ ಏರಿಕೆ. ಗಾಬರಿಗೊಂಡ ಅನೇಕರು ಮಾತ್ರೆಯನ್ನು ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಿದವು ಎಂದು ಅಂದಾಜಿಸಲಾಗಿದೆ. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು ಎಂಬುದನ್ನು ಎಚ್ಚರಿಕೆಯ ಸದ್ದಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಪ್ರಬಂಧದಲ್ಲಿ ಸಾಪೇಕ್ಷ ಅಪಾಯ ಮಾತ್ರ ಇದ್ದರೆ ಕೋಷ್ಟಕಕ್ಕೆ ಹೋಗಿ ನಿರಪೇಕ್ಷ ಅಪಾಯವನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ಔಷಧದ ಪೆಟ್ಟಿಗೆಯೊಳಗಿನ ಚೀಟಿಯ ಪದಗಳಿಗೂ ಲೆಕ್ಕವಿದೆ: ಯುರೋಪಿನ ನಿಯಮದಂತೆ 'ಸಾಮಾನ್ಯ' ಎಂದರೆ 100ರಲ್ಲಿ ಒಬ್ಬರಿಂದ 10ರಲ್ಲಿ ಒಬ್ಬರವರೆಗೆ, 'ಅಪರೂಪ' ಎಂದರೆ 10,000ದಲ್ಲಿ ಒಬ್ಬರಿಂದ 1,000ದಲ್ಲಿ ಒಬ್ಬರವರೆಗೆ.

ಮೂರನೆಯ ಹೆಜ್ಜೆ: ಹೋಲಿಕೆ ಯಾವುದರೊಂದಿಗೆ ಎಂದು ಕೇಳಿ

ರೋಫೆಕಾಕ್ಸಿಬ್ ಎಂಬ ನೋವು ನಿವಾರಕದ ಕಥೆಯನ್ನು ಈ ಹೆಜ್ಜೆಗಾಗಿ ತಿಳಿದಿರಬೇಕು. 2000ದಲ್ಲಿ ಪ್ರಕಟವಾದ 'ವಿಗರ್' ಎಂಬ ದೊಡ್ಡ ಪ್ರಯೋಗದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ರೋಫೆಕಾಕ್ಸಿಬ್, ಉಳಿದವರಿಗೆ ನ್ಯಾಪ್ರಾಕ್ಸೆನ್ ಎಂಬ ಹಳೆಯ ಔಷಧ. ಹೊಟ್ಟೆಯ ಹುಣ್ಣು, ರಕ್ತಸ್ರಾವ ಹೊಸ ಔಷಧದಲ್ಲಿ ಕಡಿಮೆಯಾದವು. ಆದರೆ ಹೃದಯಾಘಾತ ಹೊಸ ಔಷಧದ ಗುಂಪಿನಲ್ಲಿ ಶೇ. 0.4, ಹಳೆಯದರಲ್ಲಿ ಶೇ. 0.1. ಹೊಸ ಔಷಧ ಹೃದಯಕ್ಕೆ ಕೆಡುಕು ಮಾಡಿತೆಂದೂ ಇದನ್ನು ಓದಬಹುದು, ಹಳೆಯ ಔಷಧ ಹೃದಯವನ್ನು ಕಾಪಾಡಿತೆಂದೂ ಓದಬಹುದು. ಲೇಖಕರು ಎರಡನೆಯ ವಿವರಣೆಯನ್ನು ಆರಿಸಿಕೊಂಡರು. ಹುಸಿಮಾತ್ರೆಯ, ಅಂದರೆ ಔಷಧವೇ ಇಲ್ಲದ ಮಾತ್ರೆಯ, ಗುಂಪು ಇಲ್ಲದೆ ಇದ್ದುದರಿಂದ ಎರಡರಲ್ಲಿ ಯಾವುದು ಸರಿ ಎಂದು ಆ ಒಂದು ಪ್ರಯೋಗದೊಳಗೆ ನಿರ್ಧರಿಸಲು ದಾರಿಯೇ ಇರಲಿಲ್ಲ. ಹುಸಿಮಾತ್ರೆಯೊಂದಿಗೆ ಹೋಲಿಸಿದ ಇನ್ನೊಂದು ಪ್ರಯೋಗದಲ್ಲೂ ಹೃದಯದ ತೊಂದರೆಗಳು ಹೆಚ್ಚಾಗಿ ಕಂಡ ಮೇಲೆ, 2004ರ ಸೆಪ್ಟೆಂಬರ್ 30ರಂದು ಕಂಪನಿ ಔಷಧವನ್ನು ಹಿಂತೆಗೆದುಕೊಂಡಿತು.

ಹುಸಿಮಾತ್ರೆಯ ಗುಂಪು ಏಕೆ ಬೇಕೆಂಬುದಕ್ಕೆ ಇನ್ನೊಂದು ಬಗೆಯ ಉತ್ತರವನ್ನು 'ಸ್ಯಾಮ್ಸನ್' ಎಂಬ ಪುಟ್ಟ ಪ್ರಯೋಗ 2020ರಲ್ಲಿ ಕೊಟ್ಟಿತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಮೈಕೈ ನೋವು ಮುಂತಾದ ಕಾರಣಕ್ಕೆ ಬಿಟ್ಟಿದ್ದ 60 ಜನರನ್ನು ಅದಕ್ಕೆ ಆರಿಸಲಾಗಿತ್ತು. ಪ್ರತಿಯೊಬ್ಬರಿಗೂ ಒಂದೊಂದು ತಿಂಗಳಿಗೆ ಒಂದರಂತೆ 12 ಬಾಟಲಿಗಳು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಹಾಗೇ ಇರುವ ಹುಸಿಮಾತ್ರೆ, ನಾಲ್ಕು ಖಾಲಿ. ತೊಂದರೆಯ ತೀವ್ರತೆಗೆ ಅವರು ದಿನವೂ 0ಯಿಂದ 100ರೊಳಗೆ ಅಂಕ ಕೊಡಬೇಕಿತ್ತು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ 8.0, ಹುಸಿಮಾತ್ರೆಯ ತಿಂಗಳುಗಳಲ್ಲಿ 15.4, ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಕಳೆಯುವ ಲೆಕ್ಕ ಮಾಡಿ ನೋಡಿ: ಸ್ಟ್ಯಾಟಿನ್ ತಂದ ಹೆಚ್ಚಳ 8.3, ಹುಸಿಮಾತ್ರೆ ತಂದ ಹೆಚ್ಚಳ 7.4. ತೊಂದರೆ ಸುಳ್ಳಾಗಿರಲಿಲ್ಲ, ರೋಗಿಗಳು ನಿಜವಾಗಿಯೇ ನರಳಿದ್ದರು. ಆದರೆ ಅದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮಾತ್ರೆ ನುಂಗುತ್ತಿದ್ದೇನೆಂಬ ಅರಿವಿನಿಂದಲೇ ಬಂದಿತ್ತು. ಖಾಲಿ ಬಾಟಲಿಗಳು ಇಲ್ಲದಿದ್ದರೆ ಈ ಪಾಲು ಎಷ್ಟೆಂದು ಹೇಳಲು ಆಗುತ್ತಲೇ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ವಿನ್ಯಾಸ ಅಪರೂಪ ಎಂದು ನನ್ನ ಅಭಿಪ್ರಾಯ.

ಕಳೆನಾಶಕದ ಹೊಲ ಪ್ರಯೋಗದಲ್ಲಿ ಎರಡು ಹೋಲಿಕೆಯ ತಾಕುಗಳಿರಬೇಕು: ಕಳೆ ತೆಗೆಯದೆ ಹಾಗೇ ಬಿಟ್ಟದ್ದು, ಮತ್ತು ಕೈಯಿಂದ ಕಳೆ ತೆಗೆದು ಪೂರ್ತಿ ಸ್ವಚ್ಛವಾಗಿಟ್ಟದ್ದು. ಮೊದಲನೆಯದು ಕಳೆನಾಶಕ ಎಷ್ಟು ಕಳೆಯನ್ನು ಕೊಂದಿತೆಂದು ಹೇಳುತ್ತದೆ, ಎರಡನೆಯದು ಅದು ಬೆಳೆಗೇ ಎಷ್ಟು ಪೆಟ್ಟು ಕೊಟ್ಟಿತೆಂದು. ಎರಡನೆಯ ತಾಕು ಇಲ್ಲದ ಪ್ರಬಂಧದಲ್ಲಿ 'ಬೆಳೆಗೆ ಸುರಕ್ಷಿತ' ಎಂಬ ಮಾತಿಗೆ ಆಧಾರ ಹುಡುಕಿ, ಸಿಗುವುದು ಕಷ್ಟ. ಶುಶ್ರೂಷೆಯಲ್ಲಿ ಸಾಮಾನ್ಯವಾಗಿ ಕಾಣುವುದು ತರಬೇತಿಯ ಮೊದಲು ಒಂದು ಪರೀಕ್ಷೆ, ನಂತರ ಅದೇ ಪರೀಕ್ಷೆ, ಹೋಲಿಕೆಯ ಗುಂಪಿಲ್ಲ. ಅದೇ ಪ್ರಶ್ನೆಗಳನ್ನು ಎರಡನೆಯ ಸಲ ನೋಡಿದವರ ಅಂಕ ತರಬೇತಿ ಇಲ್ಲದೆಯೂ ಏರಬಲ್ಲದು.

ನಾಲ್ಕನೆಯ ಹೆಜ್ಜೆ: ತೊಂದರೆಯನ್ನು ಹೇಗೆ ಕೇಳಿದರು, ಕಾರಣವನ್ನು ಹೇಗೆ ನಿರ್ಧರಿಸಿದರು

ಔಷಧ ಪ್ರಯೋಗದ ಕೋಷ್ಟಕದಲ್ಲಿರುವುದು ಬಹುತೇಕ 'ಪ್ರತಿಕೂಲ ಘಟನೆ'. ಔಷಧ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ನಡೆದ ಯಾವುದೇ ತೊಂದರೆ ಅದರಲ್ಲಿ ಸೇರುತ್ತದೆ, ಜಾರಿ ಬಿದ್ದು ಮೂಳೆ ಮುರಿದದ್ದು ಕೂಡ. ಔಷಧದಿಂದಲೇ ಆಯಿತೆಂದು ನಂಬಲು ಆಧಾರವಿರುವುದು ಮಾತ್ರ 'ಪ್ರತಿಕೂಲ ಪ್ರತಿಕ್ರಿಯೆ'. ಎರಡನ್ನೂ ಒಂದೇ ಎಂಬಂತೆ ಬಳಸುವ ಪ್ರಬಂಧವನ್ನು ನಿಧಾನವಾಗಿ ಓದಿ. ಕೇಳಿದ ರೀತಿಯೂ ಸಂಖ್ಯೆಯನ್ನು ಬದಲಿಸುತ್ತದೆ: 'ಹೇಗಿದ್ದೀರಿ?' ಎಂದಷ್ಟೇ ಕೇಳಿದರೆ ಬರುವ ಉತ್ತರಗಳಿಗಿಂತ, 'ತಲೆನೋವು ಇತ್ತೇ, ಹೊಟ್ಟೆ ತೊಳಸಿತೇ, ನಿದ್ದೆ ಕೆಟ್ಟಿತೇ' ಎಂದು ಪಟ್ಟಿ ಹಿಡಿದು ಕೇಳಿದರೆ ಬರುವ ಉತ್ತರಗಳು ಬಹಳ ಹೆಚ್ಚು. ಆದ್ದರಿಂದ ಬೇರೆಬೇರೆ ರೀತಿಯಲ್ಲಿ ಕೇಳಿದ ಎರಡು ಪ್ರಯೋಗಗಳ ಶೇಕಡಾವಾರನ್ನು ಪಕ್ಕಪಕ್ಕ ಇಡಬಾರದು. 'ರೋಗಿಗಳು ಔಷಧವನ್ನು ಚೆನ್ನಾಗಿ ಸಹಿಸಿಕೊಂಡರು' ಎಂಬ ಒಂದೇ ವಾಕ್ಯದಲ್ಲಿ ಅಡ್ಡಪರಿಣಾಮದ ಅಧ್ಯಾಯವನ್ನು ಮುಗಿಸಿದ್ದರೆ, ಎಷ್ಟು ಜನ ನಡುವೆಯೇ ಪ್ರಯೋಗವನ್ನು ಬಿಟ್ಟರು ಎಂಬ ಸಂಖ್ಯೆಯನ್ನು ಹುಡುಕಿ, ಸಹಿಸಿಕೊಳ್ಳದವರು ಅಲ್ಲಿರುತ್ತಾರೆ.

ಒಬ್ಬ ರೋಗಿಯ ಪ್ರಕರಣದಲ್ಲಿ ಕಾರಣವನ್ನು ತೂಗಲು 1981ರಲ್ಲಿ ರೂಪುಗೊಂಡ ನರಾಂಜೊ ಮಾಪಕ ಬಳಕೆಯಲ್ಲಿದೆ. ಹತ್ತು ಪ್ರಶ್ನೆಗಳು: ಔಷಧ ಕೊಟ್ಟ ನಂತರವೇ ತೊಂದರೆ ಬಂತೇ, ನಿಲ್ಲಿಸಿದಾಗ ಇಳಿಯಿತೇ, ಮತ್ತೆ ಕೊಟ್ಟಾಗ ಮರುಕಳಿಸಿತೇ, ಬೇರೆ ಕಾರಣವಿದೆಯೇ, ಇತ್ಯಾದಿ. ಒಟ್ಟು ಅಂಕ 9 ಅಥವಾ ಹೆಚ್ಚಾದರೆ 'ಖಚಿತ', 5ರಿಂದ 8 'ಸಂಭವನೀಯ', 1ರಿಂದ 4 'ಸಾಧ್ಯ', 0 ಅಥವಾ ಕಡಿಮೆ 'ಸಂದೇಹಾಸ್ಪದ'. ಪ್ರಬಂಧ ಅಂಕವನ್ನು ಕೊಟ್ಟು, ಯಾವ ಪ್ರಶ್ನೆಗೆ ಎಷ್ಟು ಎಂಬುದನ್ನು ಕೊಡದಿದ್ದರೆ ಅದು ಅರ್ಧ ಮಾಹಿತಿ.

ಐದನೆಯ ಹೆಜ್ಜೆ: ಕಳೆನಾಶಕದಲ್ಲಿ ಪ್ರಮಾಣ, ದಿನ, ತಾಕು

ಕ್ರಿಯಾವಿಧಾನದ ವಿವರಣೆಯನ್ನು ಓದುವಾಗ ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಿ: ರಾಸಾಯನಿಕ ಯಾವ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ, ಗಿಡ ನಿಜವಾಗಿ ಏಕೆ ಸಾಯುತ್ತದೆ, ಬೆಳೆ ಏಕೆ ಬದುಕುತ್ತದೆ. ಅಟ್ರಜೀನ್ ಎಂಬ ಕಳೆನಾಶಕ ದ್ಯುತಿಸಂಶ್ಲೇಷಣೆಯ ಎರಡನೆಯ ವ್ಯವಸ್ಥೆಯ ಡಿ-1 ಎಂಬ ಪ್ರೊಟೀನಿಗೆ ಅಂಟಿ ಎಲೆಕ್ಟ್ರಾನುಗಳ ಹರಿವನ್ನು ತಡೆಯುತ್ತದೆ. ಗಿಡ ಆಹಾರವಿಲ್ಲದೆ ಸೊರಗಿ ಸಾಯುತ್ತದೆ ಎಂದು ಅನೇಕ ಕಡೆ ಬರೆದಿರುತ್ತಾರೆ. ವಾಸ್ತವದಲ್ಲಿ ದಾರಿ ಕಾಣದ ಬೆಳಕಿನ ಶಕ್ತಿ ಉಗ್ರ ಆಮ್ಲಜನಕದ ಅಣುಗಳನ್ನು ಹುಟ್ಟಿಸಿ ಜೀವಕೋಶದ ಪೊರೆಗಳನ್ನು ಹಾಳುಮಾಡುತ್ತದೆ. ಸಾವು ಹಸಿವಿಗಿಂತ ಮೊದಲೇ ಬರುತ್ತದೆ. ಮೆಕ್ಕೆಜೋಳದಲ್ಲೂ ಅದೇ ಡಿ-1 ಪ್ರೊಟೀನಿದೆ, ಆದರೂ ಅದು ಸಾಯದಿರುವುದು ಅಟ್ರಜೀನನ್ನು ಜೀವಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ಅಣುವಿಗೆ ಜೋಡಿಸಿ ನಿರ್ವಿಷಗೊಳಿಸುವ ಶಕ್ತಿ ಅದಕ್ಕಿರುವುದರಿಂದ.

ಪ್ರಮಾಣವನ್ನು ನೋಡುವಾಗ ಏಕಮಾನವನ್ನು ಎರಡು ಸಲ ನೋಡಿ. ಲೀಟರಿಗೆ 480 ಗ್ರಾಂ ಗ್ಲೈಫೋಸೇಟ್ ಲವಣವಿರುವ ದ್ರಾವಣದಲ್ಲಿ ಆಮ್ಲದ ಲೆಕ್ಕಕ್ಕೆ ಇರುವುದು ಸುಮಾರು 360 ಗ್ರಾಂ. ಒಂದು ಪ್ರಬಂಧ ಲವಣದ ಲೆಕ್ಕದಲ್ಲಿ, ಇನ್ನೊಂದು ಆಮ್ಲದ ಲೆಕ್ಕದಲ್ಲಿ ಬರೆದಿದ್ದರೆ ಒಂದೇ ಪ್ರಮಾಣ ಎರಡಾಗಿ ಕಾಣುತ್ತದೆ. ಜೊತೆಗೆ ಅಂಟುದ್ರಾವಣ ಸೇರಿಸಿದ್ದರೇ, ಕಳೆ ಎಷ್ಟು ಎಲೆಯ ಹಂತದಲ್ಲಿತ್ತು, ಸಿಂಪಡಿಸಿದ ಮೇಲೆ ಮಳೆ ಬಂತೇ ಎಂಬ ವಿವರಗಳಿಲ್ಲದೆ ಪ್ರಮಾಣದ ಅಂಕಿ ಒಂಟಿಯಾಗಿ ನಿಲ್ಲಲಾರದು.

ಫಲಿತಾಂಶವನ್ನು ಎಷ್ಟನೆಯ ದಿನ ಎಣಿಸಿದರು ಎಂಬುದು ಗೆಲುವು ಸೋಲನ್ನೇ ತಿರುಗಿಸಬಲ್ಲದು. ಪ್ಯಾರಕ್ವಾಟ್ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಎಲೆಯನ್ನು ಬಾಡಿಸುತ್ತದೆ, ಆದರೆ ತಗಲಿದ ಹಸಿರನ್ನಷ್ಟೇ ಸುಡುತ್ತದೆ. ಗ್ಲೈಫೋಸೇಟ್ ನಿಧಾನ, ಆರೊಮ್ಯಾಟಿಕ್ ಎಂಬ ಗುಂಪಿನ ಅಮೈನೋ ಆಮ್ಲಗಳನ್ನು ಕಟ್ಟುವ ಶಿಕಿಮೇಟ್ ಮಾರ್ಗದ ಒಂದು ಕಿಣ್ವವನ್ನು ತಡೆದು, ಬೇರು ಮತ್ತು ನೆಲದೊಳಗಿನ ಗೆಡ್ಡೆಗಳವರೆಗೂ ಇಳಿಯುತ್ತದೆ. ಮೂರನೆಯ ದಿನ ಎಣಿಸಿದರೆ ಪ್ಯಾರಕ್ವಾಟ್ ಮುಂದಿರುತ್ತದೆ. ಬಹುವಾರ್ಷಿಕ ಕಳೆಯನ್ನು ಆರನೆಯ ವಾರ ಎಣಿಸಿದರೆ ಪ್ಯಾರಕ್ವಾಟ್ ತಾಕಿನಲ್ಲಿ ಮತ್ತೆ ಚಿಗುರು ಎದ್ದಿರುತ್ತದೆ. ಎಣಿಸಿದ ದಿನ ಒಂದೇ ಇದ್ದರೆ, ಆ ದಿನವನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆ ಇಟ್ಟುಕೊಳ್ಳಿ. ಕಣ್ಣಂದಾಜಿನ ಶೇಕಡಾವಾರಿಗಿಂತ ಒಣಗಿಸಿ ತೂಗಿದ ತೂಕಕ್ಕೆ ಹೆಚ್ಚು ಬೆಲೆ ಕೊಡಿ. ಕಣ್ಣಂದಾಜೇ ಇದ್ದರೆ, ಅಂದಾಜು ಮಾಡಿದವರಿಗೆ ಯಾವ ತಾಕಿಗೆ ಏನು ಸಿಂಪಡಿಸಿದೆ ಎಂಬುದು ಗೊತ್ತಿತ್ತೇ ಎಂದು ನೋಡಿ.

ಕಳೆ 'ನಿರೋಧಕತೆ ಪಡೆದಿದೆ' ಎಂಬ ತೀರ್ಮಾನಕ್ಕೆ ಒಂದೇ ಪ್ರಮಾಣದಲ್ಲಿ ಕೆಲವು ಗಿಡಗಳು ಬದುಕಿದ್ದು ಸಾಲದು. ಏರುತ್ತ ಹೋಗುವ ಹಲವು ಪ್ರಮಾಣಗಳು ಬೇಕು, ಪಕ್ಕದಲ್ಲಿ ಖಚಿತವಾಗಿ ಸಾಯುವ ಗಿಡಗಳ ಗುಂಪು ಬೇಕು, ಎರಡೂ ಗುಂಪಿನ ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಪ್ರಮಾಣಗಳನ್ನು ಭಾಗಿಸಿ ಬರುವ ಅನುಪಾತ ಬೇಕು, ಗುಣ ಬೀಜದ ಮೂಲಕ ಮುಂದಿನ ತಲೆಮಾರಿಗೆ ಇಳಿಯಬೇಕು. ಅಟ್ರಜೀನ್ ಸೇರಿರುವ ಟ್ರಯಜೀನ್ ಗುಂಪಿಗೆ ಬಗ್ಗದ ಕಳೆಯ ಮೊದಲ ವರದಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಸಸ್ಯಪಾಲನಾ ಕೇಂದ್ರದಿಂದ 1970ರಲ್ಲಿ ಪ್ರಕಟವಾಯಿತು. ಇಂಥ ಹಲವು ಕಳೆಗಳಲ್ಲಿ ಡಿ-1 ಪ್ರೊಟೀನಿನ 264ನೆಯ ಸ್ಥಾನದ ಒಂದು ಅಮೈನೋ ಆಮ್ಲ ಬದಲಾಗಿತ್ತು. ಗ್ಲೈಫೋಸೇಟಿಗೆ ಬಗ್ಗದ ಪಾಮರ್ ಅಮರಾಂತ್ ಎಂಬ ಕಳೆ ಬೇರೆಯೇ ದಾರಿ ಹಿಡಿಯಿತು: ಗುರಿಯಾದ ಕಿಣ್ವದ ಜೀನನ್ನೇ 5ರಿಂದ 160ಕ್ಕೂ ಹೆಚ್ಚು ಪಟ್ಟು ಪ್ರತಿ ಮಾಡಿಕೊಂಡಿತ್ತು ಎಂದು 2010ರಲ್ಲಿ ತಿಳಿದುಬಂತು. ಅಂದರೆ ಕಿಣ್ವದ ರಚನೆ ಬದಲಾಗಿಲ್ಲವೆಂದ ಮಾತ್ರಕ್ಕೆ ನಿರೋಧಕತೆ ಇಲ್ಲವೆನ್ನಲಾಗದು.

ಗ್ಲೈಫೋಸೇಟ್ ಮತ್ತು ಕ್ಯಾನ್ಸರ್ ಕುರಿತ ವಿವಾದದಲ್ಲಿ ಓದುಗರು ಗೊಂದಲಗೊಳ್ಳುವುದು ಸಹಜ. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 'ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2-ಎ ಗುಂಪಿಗೆ ಸೇರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕ್ಯಾನ್ಸರ್ ತರುವ ಸಂಭವ ಕಡಿಮೆ ಎಂದಿತು. ಮೊದಲನೆಯ ಸಂಸ್ಥೆಯ ಗುಂಪುಗಳು ಒಂದು ವಸ್ತುವಿಗೆ ಆ ಸಾಮರ್ಥ್ಯವಿದೆಯೇ ಎಂಬುದಕ್ಕೆ ಸಂಬಂಧಿಸಿದವು. ಇಂತಿಷ್ಟು ಮೈಗೆ ತಗಲಿದರೆ ಅಪಾಯ ಎಷ್ಟು ಎಂಬುದಕ್ಕಲ್ಲ. ಜೊತೆಗೆ ಆ ಸಂಸ್ಥೆ ಮಾರುಕಟ್ಟೆಯ ಮಿಶ್ರಣಗಳ ಅಧ್ಯಯನಗಳನ್ನೂ ಪರಿಗಣಿಸಿತ್ತು, ಯುರೋಪಿನ ಪ್ರಾಧಿಕಾರ ಮುಖ್ಯವಾಗಿ ಸಕ್ರಿಯ ಘಟಕವನ್ನು. ನಿಮ್ಮ ಕೈಯಲ್ಲಿರುವ ಪ್ರಬಂಧ ಇವುಗಳಲ್ಲಿ ಯಾವ ಪ್ರಶ್ನೆಗೆ ಉತ್ತರಿಸುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ಆರನೆಯ ಹೆಜ್ಜೆ: ಶುಶ್ರೂಷೆಯಲ್ಲಿ 'ಕಾರ್ಯಕ್ಷಮತೆ' ಎಂದರೆ ಏನನ್ನು ಅಳೆದರು

ಇಲ್ಲಿ ಅಳೆಯಬೇಕಾದ ವಸ್ತುವೇ ಕಣ್ಣಿಗೆ ಕಾಣುವಂಥದ್ದಲ್ಲ. ಪೆಟ್ರಿಷಿಯಾ ಶ್ವಿರಿಯನ್ 1978ರಲ್ಲಿ ರೂಪಿಸಿದ ಆರು ಆಯಾಮಗಳ ಮಾಪಕ 52 ಅಂಶಗಳ ಮೂಲಕ ನಾಯಕತ್ವ, ತೀವ್ರ ನಿಗಾ, ಬೋಧನೆ ಮತ್ತು ಸಹಕಾರ, ಯೋಜನೆ ಮತ್ತು ಮೌಲ್ಯಮಾಪನ, ಸಂವಹನ, ವೃತ್ತಿ ಬೆಳವಣಿಗೆಗಳನ್ನು ಅಳೆಯುತ್ತದೆ. ಮಾಪಕ ಚೆನ್ನಾಗಿದೆ, ಆದರೆ ಅದನ್ನು ತುಂಬಿದವರು ಯಾರು? ಶುಶ್ರೂಷಕರು ತಮಗೆ ತಾವೇ ಅಂಕ ಕೊಟ್ಟುಕೊಂಡರೇ, ಮೇಲ್ವಿಚಾರಕರು ಕೊಟ್ಟರೇ, ರೋಗಿಗಳು ಕೊಟ್ಟರೇ? ಒಂದೇ ಪ್ರಶ್ನಾವಳಿಯಲ್ಲಿ, ಒಂದೇ ದಿನ, ಒಬ್ಬರೇ ತಮ್ಮ ಉದ್ಯೋಗ ತೃಪ್ತಿಗೂ ತಮ್ಮ ಕಾರ್ಯಕ್ಷಮತೆಗೂ ಅಂಕ ಕೊಟ್ಟರೆ ಎರಡರ ನಡುವೆ ನಂಟು ಕಂಡೇ ಕಾಣುತ್ತದೆ. ಅಂದು ಮನಸ್ಸು ಹಗುರವಾಗಿದ್ದವರು ಎರಡಕ್ಕೂ ಹೆಚ್ಚು ಕೊಡುತ್ತಾರೆ, ಸತತ ರಾತ್ರಿ ಪಾಳಿ ಮುಗಿಸಿ ಬಂದವರು ಎರಡಕ್ಕೂ ಕಡಿಮೆ. ಕ್ರೋನ್‌ಬಾಕ್ ಆಲ್ಫಾ 0.7ಕ್ಕಿಂತ ಹೆಚ್ಚು ಎಂದು ಪ್ರಬಂಧ ಹೆಮ್ಮೆಯಿಂದ ಹೇಳಿದ್ದರೆ, ಪ್ರಶ್ನೆಗಳು ಪರಸ್ಪರ ಹೊಂದುತ್ತವೆ ಎಂದಷ್ಟೇ ಅದರ ಅರ್ಥ. ಅವು ರೋಗಿಯ ಹಾಸಿಗೆಯ ಬಳಿ ನಡೆಯುವುದನ್ನು ಅಳೆಯುತ್ತವೆ ಎಂದಲ್ಲ.

ಹಾಸಿಗೆ ಹುಣ್ಣು, ರೋಗಿ ಬೀಳುವುದು, ಔಷಧ ಕೊಡುವಲ್ಲಿನ ತಪ್ಪು ಮುಂತಾದ ಎಣಿಸಬಲ್ಲ ಸಂಗತಿಗಳು ಸ್ವಂತ ಅಂಕಕ್ಕಿಂತ ಮೇಲು, ಆದರೂ ಅವುಗಳಲ್ಲೂ ಒಂದು ತೊಡಕಿದೆ. ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಗ್ಗಟ್ಟಿನಿಂದ ಚೆನ್ನಾಗಿ ಕೆಲಸ ಮಾಡುವ ಘಟಕಗಳಲ್ಲಿಯೇ ಔಷಧ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯವಿರಲಿಲ್ಲ ಎಂಬುದೇ ಅದರ ವಿವರಣೆ. ವರದಿಯಾದ ತಪ್ಪುಗಳ ಸಂಖ್ಯೆಯನ್ನು ಕಾರ್ಯಕ್ಷಮತೆಯ ಅಳತೆಯಾಗಿ ಬಳಸಿದ ಪ್ರಬಂಧದಲ್ಲಿ, ತಪ್ಪನ್ನು ಯಾರು ಹುಡುಕಿದರು ಎಂಬುದು ನಿರ್ಣಾಯಕ.

ಎಣಿಕೆಯ ಘಟಕದ ಪ್ರಶ್ನೆ ಕಳೆನಾಶಕ ಮತ್ತು ಶುಶ್ರೂಷೆ ಎರಡರಲ್ಲೂ ಒಂದೇ. ಒಂದೇ ಟ್ರೇಯಲ್ಲಿ ಬೆಳೆಸಿ ಒಂದೇ ಸಲ ಸಿಂಪಡಿಸಿದ 40 ಸಸಿಗಳು 40 ಪ್ರತ್ಯೇಕ ಸಾಕ್ಷಿಗಳಲ್ಲ; ಎಂಟು ವಾರ್ಡುಗಳ 200 ಶುಶ್ರೂಷಕರು 200 ಪ್ರತ್ಯೇಕ ಸಾಕ್ಷಿಗಳಲ್ಲ, ಏಕೆಂದರೆ ಒಂದು ವಾರ್ಡಿನವರೆಲ್ಲ ಒಬ್ಬರೇ ಮುಖ್ಯಸ್ಥರ ಕೆಳಗೆ, ಒಂದೇ ಬಗೆಯ ರೋಗಿಗಳ ನಡುವೆ ಕೆಲಸ ಮಾಡುತ್ತಾರೆ. ಇಂಥ ಹುಸಿ ಪುನರಾವರ್ತನೆಯನ್ನು ಸ್ಟುವರ್ಟ್ ಹರ್ಲ್‌ಬರ್ಟ್ ಪರಿಸರ ವಿಜ್ಞಾನಿಗಳಿಗೆ 1984ರಲ್ಲೇ ಎತ್ತಿ ತೋರಿಸಿದ್ದರು. ವಿಧಾನದ ಭಾಗದಲ್ಲಿ ವಾರ್ಡ್ ಅಥವಾ ತಾಕಿನ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು ನೋಡಿ.

ಏಳನೆಯ ಹೆಜ್ಜೆ: ಮುಖ್ಯ ಸಂಖ್ಯೆಯನ್ನು ಬಿಡಿಸಿ ನೋಡಿ

ಶುಶ್ರೂಷೆಯ ಅತ್ಯಂತ ಪ್ರಸಿದ್ಧ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಒಬ್ಬ ಶುಶ್ರೂಷಕರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ 30 ದಿನಗಳೊಳಗೆ ಸಾಯುವ ಸಂಭವದ ಅನುಪಾತ 1.07, ಅಂದರೆ ಶೇ. 7ರ ಹೆಚ್ಚಳ, ಎಂದು ವರದಿ ಮಾಡಿದರು, ಶೇ. 95ರ ವಿಶ್ವಾಸ ವ್ಯಾಪ್ತಿ 1.03ರಿಂದ 1.12. ವ್ಯಾಪ್ತಿಯ ಎರಡೂ ತುದಿಗಳು 1ಕ್ಕಿಂತ ಮೇಲಿವೆ. ನಿಜವಾದ ಬೆಲೆ ಶೇ. 3 ಇರಬಹುದು, ಶೇ. 12 ಇರಬಹುದು, ಎರಡೂ ಈ ದತ್ತಾಂಶಕ್ಕೆ ಒಗ್ಗುತ್ತವೆ. ಹೆಚ್ಚಳ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ: ನಾಲ್ಕು ರೋಗಿಗಳಿದ್ದಲ್ಲಿ ಎಂಟಾದರೆ 1.07 × 1.07 × 1.07 × 1.07 ಎಂದು ಗುಣಿಸಬೇಕು, ಉತ್ತರ 1.31, ಶೇ. 28 ಅಲ್ಲ, ಶೇ. 31. ಇನ್ನು ಇದು ಒಂದು ಕಾಲದ ಚಿತ್ರ. ಹೆಚ್ಚು ಶುಶ್ರೂಷಕರಿರುವ ಆಸ್ಪತ್ರೆಗಳು ಇತರ ವಿಷಯಗಳಲ್ಲೂ ಉತ್ತಮವಾಗಿರಬಹುದು. ಲೇಖಕರು ಆಸ್ಪತ್ರೆಯ ಗಾತ್ರ, ತಂತ್ರಜ್ಞಾನ, ಬೋಧನಾ ಸ್ಥಾನಮಾನಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ್ದರು ಎಂಬುದೂ, 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಅದೇ ಶೇ. 7 ಮತ್ತೆ ಕಂಡುಬಂತು ಎಂಬುದೂ ಆ ಶಂಕೆಯನ್ನು ಬಹಳಷ್ಟು ತಗ್ಗಿಸುತ್ತವೆ.

ಪಿ-ಮೌಲ್ಯದ ಬಗ್ಗೆ, ಅಂದರೆ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವದ ಬಗ್ಗೆ, ಎರಡೇ ಮಾತು; ಅದಕ್ಕೆ ಸಾಮಾನ್ಯವಾಗಿ ಇಡುವ ಗಡಿ 0.05. ಅಡ್ಡಪರಿಣಾಮಗಳ ಕೋಷ್ಟಕದಲ್ಲಿ 40 ಸಾಲುಗಳಿದ್ದರೆ, ಔಷಧ ಏನೂ ಮಾಡದಿದ್ದರೂ ಸುಮಾರು ಎರಡು ಸಾಲುಗಳು 0.05ಕ್ಕಿಂತ ಕೆಳಗೆ ಬರುತ್ತವೆ. ತದ್ವಿರುದ್ಧವಾಗಿ, ಚಿಕ್ಕ ಪ್ರಯೋಗದಲ್ಲಿ 0.05ಕ್ಕಿಂತ ಮೇಲಿರುವುದು ಔಷಧ ಸುರಕ್ಷಿತವೆಂಬುದಕ್ಕೆ ಪುರಾವೆಯಾಗದು.

ಕೊನೆಯ ಹೆಜ್ಜೆ: ಪ್ರಕಟವಾದ ಮೇಲೆ ಏನಾಯಿತು ಎಂದು ಹುಡುಕಿ

ಹೆಚ್ಚಿನ ಓದುಗರು ಬಿಟ್ಟುಬಿಡುವುದು ಇದನ್ನೇ. ಬೇರೆಯವರಿಂದ ಬಂದ ಪಿಡಿಎಫ್ ಪ್ರತಿಯಲ್ಲಿ ನಂತರದ ತಿದ್ದುಪಡಿ ಕಾಣುವುದಿಲ್ಲ. ಪತ್ರಿಕೆಯ ಸ್ವಂತ ಜಾಲತಾಣದಲ್ಲಿ ಪ್ರಬಂಧದ ಪುಟವನ್ನೇ ತೆರೆದು, ತಿದ್ದುಪಡಿ, ಕಳವಳದ ಟಿಪ್ಪಣಿ ಅಥವಾ ಹಿಂತೆಗೆತದ ಸೂಚನೆ ಇದೆಯೇ ಎಂದು ನೋಡಿ. ವಿಗರ್ ಪ್ರಯೋಗದ ಪ್ರಬಂಧಕ್ಕೆ ಇಂಥ ಕಳವಳದ ಟಿಪ್ಪಣಿ ಬಂದದ್ದು ಐದು ವರ್ಷಗಳ ನಂತರ, 2005ರ ಡಿಸೆಂಬರಿನಲ್ಲಿ: ರೋಫೆಕಾಕ್ಸಿಬ್ ಗುಂಪಿನ ಮೂರು ಹೃದಯಾಘಾತಗಳು ಪ್ರಕಟಿತ ಎಣಿಕೆಯಲ್ಲಿ ಸೇರಿರಲಿಲ್ಲ ಎಂದು ಸಂಪಾದಕರು ಅದರಲ್ಲಿ ಬರೆದರು. ಹಿಂತೆಗೆದ ಪ್ರಬಂಧಗಳ 'ರಿಟ್ರಾಕ್ಷನ್ ವಾಚ್' ದತ್ತಾಂಶ 2023ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಔಷಧ ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆ ಪ್ರಬಂಧದಲ್ಲಿರುತ್ತದೆ. ಆ ಸಂಖ್ಯೆಯಿಂದ ನೋಂದಣಿ ಪುಟವನ್ನು ತೆರೆದು, ಮೊದಲು ಅಳೆಯುತ್ತೇವೆಂದು ಹೇಳಿದ್ದನ್ನೂ ಕೊನೆಗೆ ಅಳೆದೆವೆಂದು ಪ್ರಕಟಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಬೇರೆಯಾಗಿದ್ದು, ಬದಲಾವಣೆಗೆ ಪ್ರಬಂಧದಲ್ಲಿ ಕಾರಣ ಕೊಟ್ಟಿರದಿದ್ದರೆ, ಆರಂಭದಲ್ಲಿ ನೀವು ಬರೆದಿಟ್ಟ ವಾಕ್ಯದ 'ಏನನ್ನು ಅಳೆದರು' ಎಂಬ ಭಾಗದ ಮುಂದೆ ಅದನ್ನು ಗುರುತು ಹಾಕಿಕೊಳ್ಳಿ. ಸಾರಾಂಶವನ್ನು ಓದುವುದು ಅದಾದ ಮೇಲೆ.